ಒಬ್ಬರ ನೆಲದ ಬೆಂಕಿ, ಮೂರು ದೇಶದ ಹೊಗೆ



ಪಕ್ಕದ ಹೊಲದ ಯಜಮಾನ ಬದುವಿನ ಮೇಲಿನ ಕಸಕ್ಕೆ ಬೆಂಕಿ ಇಟ್ಟ ಅಂತಿಟ್ಟುಕೊಳ್ಳಿ. ಗಾಳಿ ತಿರುಗಿತು. ಹೊಗೆ ನಿಮ್ಮ ಹಟ್ಟಿಗೆ ನುಗ್ಗಿತು. ಕೊಟ್ಟಿಗೆಯಲ್ಲಿ ಎಮ್ಮೆ ಕೆಮ್ಮುತ್ತದೆ, ತೊಟ್ಟಿಲಲ್ಲಿ ಕೂಸು ಅಳುತ್ತದೆ. ನೀವು ಬೇಲಿಯ ಹತ್ತಿರ ಹೋಗಿ "ಏನಣ್ಣಾ, ಗಾಳಿ ನೋಡಿ ಬೆಂಕಿ ಹಾಕಬಾರದಿತ್ತೇ?" ಅಂತ ಕೇಳುತ್ತೀರಿ. ಅವನು ಒಳ್ಳೆಯವನಾದರೆ ಎರಡು ಕೊಡ ನೀರು ಸುರಿಯುತ್ತಾನೆ. ಇಲ್ಲದಿದ್ದರೆ "ನನ್ನ ಹೊಲ, ನನ್ನ ಕಸ" ಅನ್ನುತ್ತಾನೆ. ಆಗ ಊರ ಹಿರಿಯರು ಕೂಡಬೇಕಾಗುತ್ತದೆ.

ಆ ಬೆಂಕಿ ಒಂದು ದಿನದ್ದಲ್ಲ, ಎರಡು ಮೂರು ತಿಂಗಳಿನದು. ಬದುವಿನ ಮೇಲಿನದಲ್ಲ, ನೆಲದ ಒಳಗಿನದು. ನಡುವೆ ಇರುವುದು ಬೇಲಿಯಲ್ಲ, ಸಮುದ್ರ. ಕೆಮ್ಮುವುದು ಒಂದು ಮನೆಯಲ್ಲ, ಎರಡು ಮೂರು ದೇಶ. ಹಾಗಾದರೆ ಪಂಚಾಯಿತಿ ಕೂಡುವವರು ಯಾರು? ಇದು ಕಟ್ಟುಕತೆಯಲ್ಲ. ಇಂಡೊನೇಷಿಯಾ ದೇಶದ ಸುಮಾತ್ರಾ ಮತ್ತು ಕಲಿಮಂತನ್ ಎಂಬ ಸೀಮೆಗಳಲ್ಲಿ ಎದ್ದ ಹೊಗೆ ಸಿಂಗಪುರ, ಮಲೇಷ್ಯಾ, ಬ್ರೂನೈ ದೇಶಗಳನ್ನೂ ಕೆಲವು ವರ್ಷ ಥಾಯ್ಲೆಂಡಿನ ದಕ್ಷಿಣ ಭಾಗವನ್ನೂ ಮುಸುಕಿದ ಚರಿತ್ರೆ. ಇದರಲ್ಲಿ ರಾಜರು, ಯುದ್ಧಗಳು ಇಲ್ಲ. ಮಣ್ಣು, ಕಾಲುವೆ, ಭತ್ತ, ಬೆಂಕಿಕಡ್ಡಿ ಇವೆ. ಅದಕ್ಕೇ ನಿಮ್ಮ ಮುಂದೆ ಹೇಳುವುದಕ್ಕೆ ಹೊರಟದ್ದು.

ಮೊದಲು ಮಣ್ಣಿನ ವಿಷಯ. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ಸುಮಾತ್ರಾದ ಪೂರ್ವದ ಅಂಚಿನಲ್ಲಿ, ಕಲಿಮಂತನ್ನಿನ ತಗ್ಗು ಸೀಮೆಯಲ್ಲಿ ದೊಡ್ಡ ದೊಡ್ಡ ಜೌಗು ಕಾಡುಗಳುಂಟು. (ಕಲಿಮಂತನ್ ಎಂದರೆ ಬೋರ್ನಿಯೋ ದ್ವೀಪದ ಇಂಡೊನೇಷಿಯಾ ಪಾಲು.) ಅಲ್ಲಿ ವರ್ಷವೆಲ್ಲ ನೀರು ನಿಂತಿರುತ್ತದೆ. ಉದುರಿದ ಎಲೆ, ಮುರಿದ ಕೊಂಬೆ, ಬಿದ್ದ ಮರ ಎಲ್ಲವೂ ಆ ನೀರಿನಲ್ಲಿ ಮುಳುಗುತ್ತವೆ. ನಮ್ಮ ಗೊಬ್ಬರದ ಗುಂಡಿಯಲ್ಲಾದರೆ ಗಾಳಿ ಆಡುವುದರಿಂದ ಕಸ ಕೊಳೆತು ಗೊಬ್ಬರವಾಗುತ್ತದೆ. ಅಲ್ಲಿ ನೀರಿನ ಕೆಳಗೆ ಗಾಳಿಯೇ ಇಲ್ಲ. ಆದ್ದರಿಂದ ಅರೆಬರೆ ಕೊಳೆತು ಹಾಗೆಯೇ ನಿಲ್ಲುತ್ತದೆ. ಅದರ ಮೇಲೆ ಮತ್ತೊಂದು ಪದರ, ಮತ್ತೊಂದು ಪದರ. ವರ್ಷಕ್ಕೆ ಒಂದೆರಡು ಮಿಲಿಮೀಟರಿನಂತೆ ಸಾವಿರಾರು ವರ್ಷ ಬೆಳೆದು, ಕೆಲವು ಕಡೆ ಮೂವತ್ತು ಅಡಿಗೂ ಹೆಚ್ಚು ಆಳದ ಕಂದು ಮಣ್ಣಾಗಿದೆ. ಇಂಗ್ಲಿಷಿನವರು ಇದನ್ನು ಪೀಟ್ ಎನ್ನುತ್ತಾರೆ. ಆ ಸೀಮೆಯವರು ಗಂಬುತ್ ಎನ್ನುತ್ತಾರೆ. ನಾವೂ ಗಂಬುತ್ ಎಂದೇ ಕರೆಯೋಣ, ಅದು ಅವರ ಮಣ್ಣು.

ಇದು ಹೆಸರಿಗೆ ಮಣ್ಣು. ನಿಜವಾಗಿ ನೋಡಿದರೆ ನೀರು ಕುಡಿದ ಸೌದೆ. ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ನೀರು ಇರುವವರೆಗೆ ಕೊಳ್ಳಿ ಎಸೆದರೂ ಹತ್ತುವುದಿಲ್ಲ. ನೀರು ಬಸಿದು ಹೋದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ? ದಕ್ಷಿಣ ಕನ್ನಡದ ಕಡೆಯ ರೈತರು ಸುಡುಮಣ್ಣು ಮಾಡುವುದು ನಿಮಗೆ ಗೊತ್ತಿರಬಹುದು. ತರಗೆಲೆಯ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಜ್ವಾಲೆ ಕಾಣುವುದಿಲ್ಲ, ಹೊಗೆ ಮಾತ್ರ ದಿನಗಟ್ಟಲೆ ಏಳುತ್ತಿರುತ್ತದೆ. ಗಂಬುತ್ ನೆಲಕ್ಕೆ ಬೆಂಕಿ ಬಿದ್ದರೆ ಅದೇ ರೀತಿ, ಆದರೆ ಇಲ್ಲಿ ಮಣ್ಣೇ ಸೌದೆ. ಬೆಂಕಿ ಬೇರಿನ ದಾರಿ ಹಿಡಿದು ಒಳಗೊಳಗೇ ಹರಿದು, ಆರಿತು ಅಂದುಕೊಂಡ ಮೇಲೆ ದೂರದಲ್ಲಿ ಮತ್ತೆ ಹೊಗೆಯಾಡುತ್ತದೆ. ಮೇಲಿನಿಂದ ವಿಮಾನದಲ್ಲಿ ನೀರು ಸುರಿದರೂ ತಳಕ್ಕೆ ಇಳಿಯುವುದಿಲ್ಲ. ಅದನ್ನು ಪೂರ್ತಿ ಆರಿಸುವುದು ಮಳೆಗಾಲ, ಮತ್ತು ಮಳೆಯಿಂದ ಮೇಲೇರುವ ನೆಲದ ನೀರು.

ಇನ್ನು ಗಾಳಿಯ ವಿಷಯ. ನಮಗೆ ಮುಂಗಾರು ಹಿಡಿದಿರುವ ತಿಂಗಳುಗಳಲ್ಲಿ, ಜೂನಿನಿಂದ ಅಕ್ಟೋಬರ್‌ವರೆಗೆ, ಸುಮಾತ್ರಾದ ದಕ್ಷಿಣಕ್ಕೂ ಕಲಿಮಂತನ್ನಿಗೂ ಬೇಸಿಗೆ. ಆಗ ಆಸ್ಟ್ರೇಲಿಯಾ ಕಡೆಯಿಂದ ಒಣಗಾಳಿ ಬೀಸಿ, ಭೂಮಧ್ಯರೇಖೆ ದಾಟುವಾಗ ತಿರುಗಿ, ನೈಋತ್ಯದಿಂದ ಮಲೇಷ್ಯಾ ಮತ್ತು ಸಿಂಗಪುರದ ಮೇಲೆ ಹೋಗುತ್ತದೆ. ನಮ್ಮ ಮುಂಗಾರು ಗಾಳಿಯ ದಾಯಾದಿ ಎನ್ನಿ. ನಮಗೆ ಮಳೆ ತರುತ್ತದೆ, ಅವರಿಗೆ ಸುಟ್ಟ ಮಣ್ಣಿನ ವಾಸನೆ ತರುತ್ತದೆ. ಎಲ್ ನಿನೊ ಬಂದ ವರ್ಷ ನಮ್ಮಲ್ಲಿ ಮಳೆ ಕೈಕೊಡುವ ಭಯ ಇರುತ್ತದಲ್ಲ, ಆ ವರ್ಷ ಅಲ್ಲಿಯೂ ಮಳೆ ತಿಂಗಳುಗಟ್ಟಲೆ ತಡವಾಗುತ್ತದೆ. ಹೊಗೆಯ ದೊಡ್ಡ ವರ್ಷಗಳನ್ನು ನೋಡಿದರೆ 1982, 1997, 2015, ಎಲ್ಲವೂ ಎಲ್ ನಿನೊ ವರ್ಷಗಳೇ.

ಹಾಗಾದರೆ ಇದು ದೈವದ ಆಟ, ಮನುಷ್ಯನ ತಪ್ಪಿಲ್ಲ ಅಂತೀರಾ? ಇಲ್ಲಿ ಒಂದು ಸೊಗಸಾದ ಸಾಕ್ಷಿ ಇದೆ. ವಿಮಾನ ನಿಲ್ದಾಣಗಳಲ್ಲಿ ಪ್ರತಿ ದಿನ ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತದೆ ಎಂದು ಬರೆದಿಡುವ ಪದ್ಧತಿಯುಂಟು. ವಿಜ್ಞಾನಿಗಳು 1960ರಿಂದೀಚಿನ ಆ ದಾಖಲೆಗಳನ್ನು ಒಟ್ಟುಹಾಕಿ 2009ರಲ್ಲಿ ಪ್ರಕಟಿಸಿದರು. ಸುಮಾತ್ರಾದಲ್ಲಿ 60ರ ದಶಕದಿಂದಲೇ ಬರ ಬಂದಾಗ ಹೊಗೆ ಬಂದಿದೆ. ಕಲಿಮಂತನ್ನಿನಲ್ಲಿ ಹಾಗಲ್ಲ, 60, 70ರ ದಶಕಗಳಲ್ಲಿ ಬರ ಬಿದ್ದಾಗಲೂ ದೊಡ್ಡ ಹೊಗೆ ಇಲ್ಲ. 80ರ ದಶಕದಿಂದ ಈಚೆಗೆ ಅಂಥದೇ ಬರಕ್ಕೆ ದಟ್ಟ ಹೊಗೆ. ಬರ ಹಳೆಯದೇ. ನಡುವೆ ಬದಲಾದದ್ದು ನೆಲ. ಮರ ಕಡಿಯುವ ಕಂಪನಿಗಳು ಬಂದವು, ಜಾವಾ ದ್ವೀಪದಿಂದ ಜನರನ್ನು ಕರೆತಂದು ನೆಲೆ ನಿಲ್ಲಿಸುವ ಸರ್ಕಾರಿ ವಲಸೆ ಯೋಜನೆ ಜೋರಾಯಿತು, ಕಾಡಿನ ಒಳಗೆ ಕಾಲುವೆಗಳಾದವು.

ಬೆಂಕಿ ಹಾಕಿ ಬೇಸಾಯ ಮಾಡುವುದು ಆ ದ್ವೀಪಗಳಲ್ಲಿ ಹೊಸದೇನಲ್ಲ. ಕಲಿಮಂತನ್ನಿನ ಡಾಯಕ್ ಜನರು ತಲೆತಲಾಂತರದಿಂದ ಕಾಡಿನ ಸಣ್ಣ ತುಂಡು ಕಡಿದು, ಸುಟ್ಟು, ಬೂದಿಯ ಮೇಲೆ ಗುಡ್ಡದ ಭತ್ತ ಬಿತ್ತಿ, ಒಂದೆರಡು ವರ್ಷದ ಮೇಲೆ ಆ ತಾಣ ಬಿಟ್ಟು ಮುಂದೆ ಹೋಗುತ್ತಿದ್ದರು. ನಮ್ಮ ಉತ್ತರ ಕನ್ನಡ, ಕೊಡಗು ಕಡೆಗಳಲ್ಲಿ ಹಿಂದೆ ಕುಮರಿ ಬೇಸಾಯ ಎಂದಿತ್ತಲ್ಲ, ಅದೇ ತೆರನಾದದ್ದು. ಕುಮರಿಯನ್ನು ಇಂಗ್ಲಿಷ್ ಸರ್ಕಾರ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಗಿಹಿಡಿಯಿತು. ಬೈಗುಳವೂ ಆ ಬಡವರಿಗೇ ಬಿತ್ತು. ಡಾಯಕರ ಬೆಂಕಿಗೂ ಲೆಕ್ಕವಿತ್ತು. ಸುತ್ತ ಬರಿ ನೆಲದ ಪಟ್ಟಿ ಬಿಟ್ಟು, ಗಾಳಿ ನೋಡಿ, ಹತ್ತಾರು ಜನ ನಿಂತು ಸುಡುತ್ತಿದ್ದರು. ಆಳವಾದ ಗಂಬುತ್ ಜೋಲಿಗೆ ಅವರು ಹೋಗುತ್ತಿರಲಿಲ್ಲ. ಅಲ್ಲಿ ಭತ್ತ ಬೆಳೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಸರ್ಕಾರಕ್ಕೆ ಗೊತ್ತಿರಲಿಲ್ಲ, ಅಥವಾ ಗೊತ್ತುಮಾಡಿಕೊಳ್ಳಲಿಲ್ಲ. ಇಲ್ಲಿಗೆ ನಮ್ಮ ಕತೆಯ ಮುಖ್ಯ ಭಾಗ ಬಂತು. ಸ್ವಲ್ಪ ನಿಂತು ಹೇಳಬೇಕು.

ಇಂಡೊನೇಷಿಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತು. ಹೊಸ ತಳಿ, ರಾಸಾಯನಿಕ ಗೊಬ್ಬರ, ನೀರಾವರಿ ಇವುಗಳಿಂದ ಆದದ್ದು. ಜಗತ್ತೇ ಹೊಗಳಿತು. ಆದರೆ ಜನ ಹೆಚ್ಚಿದರು, ಜಾವಾದ ಒಳ್ಳೆಯ ಗದ್ದೆಗಳು ಕಾರ್ಖಾನೆ, ಮನೆಗಳಿಗೆ ಹೋದವು, 90ರ ದಶಕದಲ್ಲಿ ಮತ್ತೆ ಅಕ್ಕಿ ತರಿಸಬೇಕಾಯಿತು. ಹೋದ ಗೌರವ ಮರಳಿ ತರಬೇಕೆಂದು ಅಧ್ಯಕ್ಷ ಸುಹಾರ್ತೊ 1995ರಲ್ಲಿ ಒಂದು ಆಜ್ಞೆ ಹೊರಡಿಸಿದರು: ಮಧ್ಯ ಕಲಿಮಂತನ್ನಿನ ಜೌಗು ಕಾಡಿನಲ್ಲಿ ಹತ್ತು ಲಕ್ಷ ಹೆಕ್ಟೇರು ಗದ್ದೆ ಮಾಡುವುದು. ನಮ್ಮ ಲೆಕ್ಕಕ್ಕೆ ಸುಮಾರು ಇಪ್ಪತ್ತೈದು ಲಕ್ಷ ಎಕರೆ! ಉದ್ದೇಶ ಕೆಟ್ಟದ್ದಲ್ಲ. ಹಸಿದವರಿಗೆ ಅನ್ನ ಬೇಡವೆಂದು ಯಾರು ಹೇಳಿಯಾರು? ಆದರೆ ಮಣ್ಣನ್ನು ಕೇಳದೆ ಮಾಡಿದ ಬೇಸಾಯ.

ಕಹಾಯಾನ್, ಕಾಪುವಾಸ್, ಬಾರಿತೊ ಎಂಬ ದೊಡ್ಡ ನದಿಗಳ ನಡುವಿನ ಆ ನೆಲ ಬೋರಲು ಹಾಕಿದ ತಟ್ಟೆಯ ಹಾಗೆ ಮಧ್ಯದಲ್ಲಿ ಉಬ್ಬಿರುತ್ತದೆ. ಮಳೆ ನೀರನ್ನು ಆ ಉಬ್ಬೇ ಸ್ಪಂಜಿನಂತೆ ಹಿಡಿದಿಟ್ಟಿರುತ್ತದೆ. ಪರಿಸರದ ಪರಿಶೀಲನೆ ಮುಗಿಯುವ ಮುಂಚೆಯೇ ಯಂತ್ರಗಳು ಬಂದು ಉಬ್ಬನ್ನು ಸೀಳಿ 4,000 ಕಿಲೋಮೀಟರಿಗೂ ಹೆಚ್ಚು ಕಾಲುವೆ ಅಗೆದವು. ಹೆಸರು ನೀರಾವರಿ ಕಾಲುವೆ, ಕೆಲಸ ಬಸಿಗಾಲುವೆಯದು. ಉಬ್ಬಿನ ನೀರೆಲ್ಲ ನದಿಗೆ ಬಸಿಯಿತು. ಬೇಸಿಗೆಯಲ್ಲಿ ಗದ್ದೆಗೆ ನೀರಿಲ್ಲ, ಮಳೆಗಾಲದಲ್ಲಿ ಮುಳುಗಡೆ. ಗಂಬುತ್ತಿನ ಕೆಳಗೆ ಗಂಧಕದ ಅಂಶದ ಜೇಡಿಯಿದೆ. ಅದು ಗಾಳಿಗೆ ತೆರೆದುಕೊಂಡ ಕಡೆಯಲ್ಲಿ ನೀರು ಹುಳಿಯಾಯಿತು. ಬೆಳೆಗೂ ಮೀನಿಗೂ ಆಗದ ಹುಳಿ. ಜಾವಾ ಮುಂತಾದ ಕಡೆಗಳಿಂದ ಸುಮಾರು 60 ಸಾವಿರ ಜನರನ್ನು ತಂದು ಮನೆ ಕೊಟ್ಟು ಕೂರಿಸಿದ್ದರು. ಅವರ ಅವಸ್ಥೆ ಯೋಚಿಸಿ. ತಮ್ಮೂರಿನಲ್ಲಿ ಅರ್ಧ ಎಕರೆಯಾದರೂ ಬೆಳೆಯುವ ಮಣ್ಣು. ಇಲ್ಲಿ ಕೈತುಂಬ ನೆಲ, ಕಾಳಿಲ್ಲ. ಬಹಳ ಜನ ಬಿಟ್ಟು ಹೋದರು. ಹತ್ತು ಲಕ್ಷ ಹೆಕ್ಟೇರಿನ ಆ ಯೋಜನೆಯಿಂದ ಹೇಳಿಕೊಳ್ಳುವಂಥ ಭತ್ತ ಬರಲೇ ಇಲ್ಲ. ಕಾಡಿನ ಮರ ಮಾತ್ರ ಮಾರಾಟವಾಯಿತು.

ಅಷ್ಟರಲ್ಲಿ 1997 ಬಂತು. ಎಲ್ ನಿನೊ. ಮಳೆ ಹೋಯಿತು. ನೀರು ಬಸಿದ ನೆಲ ಪುಡಿಯಾಗಿ ಕೂತಿತ್ತು. ಕಾಡು ಕಡಿದ ಜಾಗ ಸವರುವುದಕ್ಕೆ ಹಾಕಿದ ಬೆಂಕಿ ಕೈಮೀರಿತು. ಸುಮಾತ್ರಾದಲ್ಲಿ ತಾಳೆ ಎಣ್ಣೆಯ ತೋಟ, ಕಾಗದದ ಮರದ ತೋಟ ಮಾಡುವವರ ಬೆಂಕಿಯೂ ಅದಕ್ಕೆ ಕೂಡಿತು. ಆಮೇಲೆ ಮಧ್ಯ ಕಲಿಮಂತನ್ನಿನಲ್ಲಿ ಅಳೆದು ನೋಡಿದವರು ಹೇಳಿದ ಪ್ರಕಾರ, ಸುಟ್ಟ ಗಂಬುತ್ ನೆಲದಲ್ಲಿ ಸರಾಸರಿ ಅರ್ಧ ಮೀಟರಿನಷ್ಟು ದಪ್ಪದ ಮಣ್ಣೇ ಹೊಗೆಯಾಗಿ ಹೋಗಿತ್ತು. ಎಷ್ಟೋ ನೂರು ವರ್ಷದಲ್ಲಿ ಕೂಡಿಬಂದ ಮಣ್ಣು, ಎರಡು ಮೂರು ತಿಂಗಳಲ್ಲಿ! ಆ ವರ್ಷ ಇಂಡೊನೇಷಿಯಾದ ಗಂಬುತ್ತಿನಿಂದ ಆಕಾಶಕ್ಕೆ ಹೋದ ಇಂಗಾಲ, ಇಡೀ ಜಗತ್ತು ಒಂದು ವರ್ಷದಲ್ಲಿ ಕಲ್ಲಿದ್ದಲು, ಪೆಟ್ರೋಲುಗಳಿಂದ ಬಿಡುವುದರ ನೂರಕ್ಕೆ 13ರಿಂದ 40 ಪಾಲು ಇದ್ದೀತೆಂದು 2002ರಲ್ಲಿ ಪ್ರಕಟವಾದ ಅಂದಾಜು.

ನೆರೆಹೊರೆಯವರ ಗತಿ ಏನಾಯಿತು? ಬೋರ್ನಿಯೋ ದ್ವೀಪದಲ್ಲಿಯೇ ಇರುವ ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ 1997ರ ಸೆಪ್ಟೆಂಬರ್ 19ರಂದು ತುರ್ತುಪರಿಸ್ಥಿತಿ ಘೋಷಿಸಿದರು. ಶಾಲೆ, ಕಚೇರಿ ಮುಚ್ಚಿದರು. ಗಾಳಿಯ ಕೊಳೆಯನ್ನು ಅಳೆಯುವ ಅವರ ಸೂಚ್ಯಂಕದಲ್ಲಿ 300 ದಾಟಿದರೇ ಅಪಾಯ. ಕೂಚಿಂಗ್ ಪಟ್ಟಣದಲ್ಲಿ 800 ದಾಟಿತು. ಹಗಲು ಹೊತ್ತಿನಲ್ಲಿ ವಾಹನಗಳಿಗೆ ದೀಪ. ಸೆಪ್ಟೆಂಬರ್ 26ರಂದು ಸುಮಾತ್ರಾದ ಮೇದಾನ್ ಹತ್ತಿರ ಗರುಡ ಕಂಪನಿಯ ವಿಮಾನ ಗುಡ್ಡದ ಸೀಮೆಯಲ್ಲಿ ಅಪ್ಪಳಿಸಿ ಅದರಲ್ಲಿದ್ದ 234 ಜನವೂ ತೀರಿಕೊಂಡರು. ಎಡಕ್ಕೋ ಬಲಕ್ಕೋ ಎಂಬ ಸೂಚನೆಯ ಗೊಂದಲ ಒಂದು ಕಡೆ, ಎದುರಿನ ನೆಲ ಕಾಣದಂತೆ ಕವಿದ ಹೊಗೆ ಇನ್ನೊಂದು ಕಡೆ. ಅದೇ ವಾರ ಮಲಕ್ಕಾ ಜಲಸಂಧಿಯಲ್ಲಿ ನಮ್ಮ ಭಾರತದ ಸರಕಿನ ಹಡಗೊಂದು ಮತ್ತೊಂದು ಹಡಗಿಗೆ ತಾಗಿ ಮುಳುಗಿತು, ನಾವಿಕರು ಕಾಣೆಯಾದರು. ಮಲೇಷ್ಯಾದಿಂದ ಸಾವಿರಕ್ಕೂ ಹೆಚ್ಚು ಅಗ್ನಿಶಾಮಕ ಜನರು ಸಮುದ್ರ ದಾಟಿ ಬೆಂಕಿ ಆರಿಸಲು ಹೋದರು. ಅಧ್ಯಕ್ಷ ಸುಹಾರ್ತೊ ನೆರೆಯ ದೇಶಗಳ ಕ್ಷಮೆ ಕೇಳಿದರು. ಮರುವರ್ಷ, 1998ರಲ್ಲಿ, ಅವರ ಅಧಿಕಾರ ಹೋಯಿತು. ಮುಂದೆ ಬಂದ ಹಬೀಬಿ ಸರ್ಕಾರ ಭತ್ತದ ಯೋಜನೆಯನ್ನು ಕೈಬಿಟ್ಟಿತು. ಕಾಲುವೆಗಳು ಮಾತ್ರ ಹಾಗೆಯೇ ಬಸಿಯುತ್ತ ಉಳಿದವು.

ಈ ಹೊಗೆಗೆ ಎರಡು ಹೆಸರು. ಮಲೇಷ್ಯಾದವರು ಜೆರೆಬು, ಅಂದರೆ ಮಬ್ಬು, ಎನ್ನುತ್ತಾರೆ. ಸುಮಾತ್ರಾ, ಕಲಿಮಂತನ್ನಿನ ಹಳ್ಳಿಯವರು ಅಸಪ್ ಎನ್ನುತ್ತಾರೆ. ಅಸಪ್ ಎಂದರೆ ಹೊಗೆ. ದೂರದವರಿಗೆ ಮಬ್ಬು, ಹತ್ತಿರದವರಿಗೆ ಹೊಗೆ. ನೆರೆ ದೇಶಗಳ ಸಂಕಟ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಬೆಂಕಿಯ ಪಕ್ಕದಲ್ಲೇ ಗುಡಿಸಲು ಇದ್ದವರ ಸಂಕಟ ಅಷ್ಟು ಬರಲಿಲ್ಲ. ಅವರ ರಬ್ಬರ್ ತೋಟ, ಬೆತ್ತದ ತೋಟ ಸುಟ್ಟವು.

ಬೆಂಕಿಯನ್ನೇ ಏಕೆ ಹಾಕುತ್ತಾರೆ ಎಂಬ ಪ್ರಶ್ನೆ ನಿಮಗೆ ಬಂದಿರಬೇಕು. ನಮ್ಮಲ್ಲಿ ಕಬ್ಬಿನ ರವದಿಗೆ ಏಕೆ ಹಾಕುತ್ತೇವೆ? ಪಂಜಾಬಿನಲ್ಲಿ ಭತ್ತದ ಕೂಳೆಗೆ ಏಕೆ ಹಾಕುತ್ತಾರೆ? ಅಗ್ಗ, ಬೇಗ. ಯಂತ್ರದಿಂದ ನೆಲ ಸವರಲು ಆಗುವ ಖರ್ಚಿನ ಮುಂದೆ ಬೆಂಕಿಕಡ್ಡಿಯ ಬೆಲೆ ಏನು? ಮೇಲಾಗಿ ಗಂಬುತ್ ಬಹಳ ಹುಳಿ ಮಣ್ಣು. ಬೂದಿ ಬಿದ್ದರೆ ಹುಳಿ ಸ್ವಲ್ಪ ಮುರಿದು ಒಂದೆರಡು ಬೆಳೆಗೆ ಕಸುವು ಬರುತ್ತದೆ. ಮೂರನೆಯದು ವ್ಯಾಪಾರ. ಕಾಡು ನಿಂತ ನೆಲಕ್ಕಿಂತ ಸುಟ್ಟು ಚೊಕ್ಕಟ ಮಾಡಿದ ನೆಲಕ್ಕೆ ಹೆಚ್ಚು ಬೆಲೆ. ಹೀಗಾಗಿ ಬೆಂಕಿ ಯಾರದು ಎಂದು ಕೇಳಿದರೆ ಕಂಪನಿಯವರು "ಹಳ್ಳಿಗರದು" ಎನ್ನುತ್ತಾರೆ, ಹಳ್ಳಿಗರು "ಕಂಪನಿಯದು" ಎನ್ನುತ್ತಾರೆ. ನಡುವೆ ನೆಲದ ದಲ್ಲಾಳಿ ಸದ್ದಿಲ್ಲದೆ ಇರುತ್ತಾನೆ. ಮೂವರ ಬೆಂಕಿಯೂ ನಿಜ. ಆದರೆ ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಎಕರೆಯವನೇ, ಇದು ನನ್ನ ಅನಿಸಿಕೆ.

ತಾಳೆಯ ಗಿಡದ ಕತೆಯೂ ಕೇಳುವಂಥದು. ಅದು ಆ ಸೀಮೆಯದಲ್ಲ. ಆಫ್ರಿಕಾದ ಪಶ್ಚಿಮ ಕರಾವಳಿಯದು. 1848ರಲ್ಲಿ ಡಚ್ಚರು ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಸಸಿ ನೆಟ್ಟರು, ಅಲಂಕಾರಕ್ಕೆ ಎಂಬಂತೆ. ಆ ನಾಲ್ಕರ ಸಂತಾನ ಬೆಳೆದು ಇಂದು ಇಂಡೊನೇಷಿಯಾವೇ ತಾಳೆ ಎಣ್ಣೆಯಲ್ಲಿ ಜಗತ್ತಿಗೆ ಮೊದಲನೆಯದು, ಮಲೇಷ್ಯಾ ಎರಡನೆಯದು. ಕೊಳ್ಳುವವರಲ್ಲಿ ಮೊದಲು ಯಾರು? ನಾವೇ, ಭಾರತದವರು. ಜಾತ್ರೆಯ ಬಜ್ಜಿ, ಅಂಗಡಿಯ ಬಿಸ್ಕತ್ತು, ಸ್ನಾನದ ಸಾಬೂನು ಎಲ್ಲೆಲ್ಲಿಯೂ ಆ ಎಣ್ಣೆ ಉಂಟು. ಎಲ್ಲ ಎಣ್ಣೆಯೂ ಸುಟ್ಟ ಜೌಗಿನಿಂದ ಬಂದದ್ದಲ್ಲ, ಹಾಗೆ ಹೇಳಿದರೆ ಅನ್ಯಾಯ. ಅಲ್ಲಿಯೂ ಲಕ್ಷಾಂತರ ಸಣ್ಣ ರೈತರು ತಾಳೆಯಿಂದಲೇ ಮಕ್ಕಳನ್ನು ಓದಿಸಿದ್ದಾರೆ.

ಇನ್ನು ಪಂಚಾಯಿತಿಯ ವಿಚಾರಕ್ಕೆ ಬರೋಣ. ಆ ಭಾಗದ ದೇಶಗಳ ಕೂಟಕ್ಕೆ ಆಸಿಯಾನ್ ಎಂದು ಹೆಸರು. 2002ರಲ್ಲಿ ಅದರಲ್ಲಿ ಹತ್ತು ದೇಶಗಳಿದ್ದವು. ಒಬ್ಬರ ಮನೆಯ ವಿಷಯದಲ್ಲಿ ಇನ್ನೊಬ್ಬರು ತಲೆಹಾಕಬಾರದು ಎಂಬುದು ಆ ಕೂಟದ ರೂಢಿ. ಒಳ್ಳೆಯ ರೂಢಿಯೇ, ಆದರೆ ಹೊಗೆಗೆ ಆ ರೂಢಿ ಗೊತ್ತಿಲ್ಲ. 2002ರ ಜೂನ್ 10ರಂದು ಕ್ವಾಲಾಲಂಪುರದಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಒಪ್ಪಂದಕ್ಕೆ ಹತ್ತೂ ದೇಶ ರುಜು ಹಾಕಿದವು. 2003ರಲ್ಲಿ ಜಾರಿಗೆ ಬಂತು. ಬೆಂಕಿ ತಡೆಯಬೇಕು, ಸುದ್ದಿ ತಿಳಿಸಬೇಕು, ಒಬ್ಬರಿಗೊಬ್ಬರು ನೆರವಾಗಬೇಕು ಎಂದೆಲ್ಲ ಅದರಲ್ಲಿದೆ. ತಪ್ಪಿದರೆ ದಂಡ ಏನು ಎಂಬುದಿಲ್ಲ. ಅದಕ್ಕಿಂತ ಮುಖ್ಯ, ಬೆಂಕಿ ಏಳುವ ಮನೆಯೇ ಒಪ್ಪಂದವನ್ನು ತನ್ನ ಸಂಸತ್ತಿನಲ್ಲಿ ಒಪ್ಪಿಸಿಕೊಳ್ಳಲು ಹನ್ನೆರಡು ವರ್ಷ ತೆಗೆದುಕೊಂಡಿತು. ಇಂಡೊನೇಷಿಯಾ ಸಂಸತ್ತು ಒಪ್ಪಿದ್ದು 2014ರ ಸೆಪ್ಟೆಂಬರಿನಲ್ಲಿ, ಹತ್ತರಲ್ಲಿ ಕೊನೆಯದಾಗಿ.

ನಡುವೆ ಹೊಗೆ ಸುಮ್ಮನಿರಲಿಲ್ಲ. 2005ರ ಆಗಸ್ಟಿನಲ್ಲಿ ಮಲೇಷ್ಯಾದ ಪೋರ್ಟ್ ಕ್ಲಾಂಗ್ ಬಂದರಿನಲ್ಲಿ ತುರ್ತುಪರಿಸ್ಥಿತಿ. 2013ರ ಜೂನ್ 21ರಂದು ಸಿಂಗಪುರದಲ್ಲಿ ಸೂಚ್ಯಂಕ 401. ಎರಡು ದಿನದ ಮೇಲೆ ಮಲೇಷ್ಯಾದ ಮುವಾರ್ ಪಟ್ಟಣದಲ್ಲಿ 746. ಮುಖಕ್ಕೆ ಕಟ್ಟುವ ಬಟ್ಟೆಗೆ ಅಂಗಡಿಗಳಲ್ಲಿ ಸಾಲು. ಇಂಡೊನೇಷಿಯಾದ ಮಂತ್ರಿಯೊಬ್ಬರು ಸಿಂಗಪುರ ಮಗುವಿನ ಹಾಗೆ ಆಡಬಾರದೆಂದು ಗದರಿಸಿದರು. ಕೆಲವು ದಿನಗಳ ಮೇಲೆ ಅಧ್ಯಕ್ಷ ಯುಧೊಯೊನೊ ನೆರೆಯವರ ಕ್ಷಮೆ ಕೇಳಿದರು. ಹೊಗೆ ಎದ್ದ ಕೆಲವು ತೋಟಗಳ ಹಿಂದೆ ಸಿಂಗಪುರ, ಮಲೇಷ್ಯಾದ ಬಂಡವಾಳವೂ ಇತ್ತೆಂಬುದು ಆ ಜಗಳದ ಇನ್ನೊಂದು ಮಗ್ಗುಲು. ಹೊಗೆಯಿಂದ ಕೆಮ್ಮಿದ ಪೇಟೆಯಲ್ಲೇ ಹೊಗೆಯ ಲಾಭವೂ ಸ್ವಲ್ಪ ಇಳಿಯುತ್ತಿತ್ತು. ಅದನ್ನು ತಿಳಿದೇ ಇರಬೇಕು, 2014ರಲ್ಲಿ ಸಿಂಗಪುರ ಒಂದು ಕಾಯಿದೆ ಮಾಡಿತು: ಬೆಂಕಿ ಯಾವ ದೇಶದಲ್ಲಿ ಹಾಕಿದರೂ ಸರಿ, ಹೊಗೆ ಸಿಂಗಪುರಕ್ಕೆ ಬಂದರೆ ಆ ಕಂಪನಿಗೆ ದಿನಕ್ಕೆ ಒಂದು ಲಕ್ಷ ಸಿಂಗಪುರ ಡಾಲರುವರೆಗೆ ದಂಡ.

2015ರಲ್ಲಿ ಇಂಡೊನೇಷಿಯಾದ ಉಪಾಧ್ಯಕ್ಷ ಯೂಸುಫ್ ಕಾಲ್ಲಾ ಆಡಿದ ಮಾತು ಪ್ರಸಿದ್ಧವಾಯಿತು. ವರ್ಷದ ಹನ್ನೊಂದು ತಿಂಗಳು ನಮ್ಮ ಕಾಡಿನ ಒಳ್ಳೆಯ ಗಾಳಿ ಉಣ್ಣುತ್ತಾರೆ, ಒಮ್ಮೆಯಾದರೂ ಉಪಕಾರ ಸ್ಮರಿಸಿದ್ದಾರೆಯೇ, ಒಂದು ತಿಂಗಳು ಹೊಗೆ ಬಂದರೆ ಮಾತ್ರ ಕೂಗು ಎಂಬರ್ಥದ ಮಾತು. ಅದು ಹೊರಟದ್ದು ಮಾರ್ಚಿಯಲ್ಲಿ. ಸೆಪ್ಟೆಂಬರಿನ ಹೊತ್ತಿಗೆ ಮತ್ತೊಂದು ಎಲ್ ನಿನೊ, 1997ರ ನಂತರದ ಅತಿ ದೊಡ್ಡ ಹೊಗೆ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 26 ಲಕ್ಷ ಹೆಕ್ಟೇರು ಸುಟ್ಟಿತು. ಇಂಡೊನೇಷಿಯಾಕ್ಕೇ 1,600 ಕೋಟಿ ಡಾಲರಿನಷ್ಟು ನಷ್ಟ. ಸಿಂಗಪುರದಲ್ಲಿ ಹೊಗೆಯ ಕಾರಣಕ್ಕೆ ಪ್ರಾಥಮಿಕ, ಪ್ರೌಢ ಶಾಲೆಗಳನ್ನು ಮೊದಲ ಬಾರಿಗೆ ಮುಚ್ಚಿದರು. ಮಧ್ಯ ಕಲಿಮಂತನ್ನಿನ ಪಾಲಂಕರಾಯದಲ್ಲಿ, ಹಳೆಯ ಭತ್ತದ ಕಾಲುವೆಗಳ ಪಕ್ಕದ ಪಟ್ಟಣದಲ್ಲಿ, ಸೂಚ್ಯಂಕ 1,900 ದಾಟಿತು. ಹಗಲಿಗೆ ಅರಿಶಿನದ ಬಣ್ಣ ಬಂದಿತ್ತು. ಇಂಡೊನೇಷಿಯಾದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನಕ್ಕೆ ಉಸಿರಾಟದ ಕಾಯಿಲೆ ಎಂದು ದಾಖಲಾಯಿತು.

ಸತ್ತವರ ಲೆಕ್ಕದಲ್ಲಿ ವಿವಾದ ಉಂಟು. ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2015ರ ಹೊಗೆಯಿಂದ ಮೂರು ದೇಶಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಆಯುಸ್ಸು ಮುಂಚೆಯೇ ಮುಗಿಯಿತು. ಇಂಡೊನೇಷಿಯಾದಲ್ಲಿ ಸುಮಾರು 91,600, ಮಲೇಷ್ಯಾದಲ್ಲಿ 6,500, ಸಿಂಗಪುರದಲ್ಲಿ 2,200. ಮೂರೂ ಸರ್ಕಾರಗಳು ಇದನ್ನು ಒಪ್ಪಲಿಲ್ಲ. ಹೊಗೆಯಿಂದ ಸತ್ತವರು ಹೊಗೆ ಇದ್ದ ದಿನವೇ ಸಾಯುವುದಿಲ್ಲವಲ್ಲ, ಆಮೇಲೆ ಎದೆನೋವು, ಪಾರ್ಶ್ವವಾಯು ಎಂದು ಬರೆಯುತ್ತಾರೆ. ಆದ್ದರಿಂದ ಇದು ತಲೆ ಎಣಿಸಿದ ಲೆಕ್ಕವಲ್ಲ, ಗಣಿತದ ಅಂದಾಜು. ಆದರೂ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಹೊಗೆ ಎದ್ದ ದೇಶದವರೇ.

ಆ ವರ್ಷದ ಕೊನೆಯಲ್ಲಿ ಸುಮಾತ್ರಾದ ಪಾಲೆಂಬಾಂಗ್ ಪಟ್ಟಣದ ನ್ಯಾಯಾಲಯದಲ್ಲಿ ಸರ್ಕಾರವೇ ಒಂದು ಕಂಪನಿಯ ಮೇಲೆ ಹಾಕಿದ್ದ ದಾವೆ ವಜಾ ಆಯಿತು. ಸುಟ್ಟ ನೆಲದಲ್ಲಿ ಮತ್ತೆ ಗಿಡ ನೆಡಬಹುದು, ಆದ್ದರಿಂದ ನೆಲಕ್ಕೆ ಹಾನಿಯಾಗಿಲ್ಲ ಎಂಬ ವಾದ ನ್ಯಾಯಾಧೀಶರ ಬಾಯಿಂದ ಬಂತು. ಜನ ನಕ್ಕರು, ಸಿಟ್ಟಾದರು. 2016ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿದ್ದಿ ದಂಡ ಹಾಕಿತು, ಕೇಳಿದ್ದರ ನೂರನೆಯ ಒಂದು ಪಾಲು. ಪಾಲಂಕರಾಯದ ಕೆಲವು ನಾಗರಿಕರು ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. ಜಿಲ್ಲೆಯಲ್ಲಿ ಗೆದ್ದರು, 2019ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಗೆದ್ದರು. 2022ರಲ್ಲಿ ಮರುಪರಿಶೀಲನೆಯಾಗಿ ತೀರ್ಪು ತಿರುಗಿತು. ಅವರು ಕೇಳಿದ್ದು ಹಣವಲ್ಲ. ಹೊಗೆಯ ಕಾಲಕ್ಕೆ ಆಸ್ಪತ್ರೆ, ಬೆಂಕಿ ತಡೆಯುವ ನಿಯಮ, ಇಂಥವು.

ಒಳ್ಳೆಯದೇನೂ ಆಗಲಿಲ್ಲವೆಂದರೆ ತಪ್ಪಾದೀತು. ಗಂಬುತ್ ನೆಲದಲ್ಲಿ ನೀರಿನ ಮಟ್ಟ ಮೇಲಿನಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದೆಂದು 2014ರಲ್ಲಿ ನಿಯಮ ಮಾಡಿದರು. ಒಂದು ಮೊಳಕ್ಕೂ ಕಡಿಮೆ ಆಳ, ನೋಡಿ. 2016ರ ಜನವರಿಯಲ್ಲಿ ಅಧ್ಯಕ್ಷ ಜೋಕೊ ವಿದೋದೊ ಗಂಬುತ್ ನೆಲವನ್ನು ಮತ್ತೆ ಒದ್ದೆ ಮಾಡುವುದಕ್ಕೆಂದೇ ಒಂದು ಸಂಸ್ಥೆ ನೇಮಿಸಿದರು, 20 ಲಕ್ಷ ಹೆಕ್ಟೇರಿನ ಗುರಿ ಕೊಟ್ಟು. ಹೊಸ ಕಾಡು, ಹೊಸ ಜೌಗು ಕಡಿಯುವುದಕ್ಕೆ ಪರವಾನಗಿ ಕೊಡುವುದನ್ನು 2011ರಲ್ಲಿ ತಡೆದದ್ದು 2019ರಲ್ಲಿ ಶಾಶ್ವತವಾಯಿತು. ಆದರೂ 2019ರಲ್ಲಿಯೇ ಮತ್ತೆ 16 ಲಕ್ಷ ಹೆಕ್ಟೇರು ಸುಟ್ಟು, ಜಾಂಬಿ ಪ್ರಾಂತದಲ್ಲಿ ನಡುಮಧ್ಯಾಹ್ನ ಆಕಾಶ ಕುಂಕುಮದಂತೆ ಕೆಂಪಾಯಿತು. 2023ರಲ್ಲಿ ಎಲ್ ನಿನೊ ಬಂದಾಗ 11 ಲಕ್ಷ ಹೆಕ್ಟೇರಿಗೂ ಮೇಲೆ. 2015ಕ್ಕಿಂತ ಕಡಿಮೆ, ನಿಜ. ಹಾಗೆಯೇ 2020ರಲ್ಲಿ ಹಳೆಯ ಹತ್ತು ಲಕ್ಷ ಹೆಕ್ಟೇರಿನ ತಾಣದಲ್ಲಿಯೇ ಆಹಾರ ಧಾನ್ಯದ ಹೊಸ ಯೋಜನೆಯೊಂದನ್ನು ಸರ್ಕಾರ ಶುರುಮಾಡಿತು ಎಂಬುದೂ ನಿಜ.

ಈಗ ಆ ಕಾಲುವೆಗಳ ಹತ್ತಿರ ಏನು ಕೆಲಸ ನಡೆದಿದೆ ಎಂದರೆ, ನಮ್ಮ ಹಳ್ಳಕ್ಕೆ ಒಡ್ಡು ಕಟ್ಟುವ ಕೆಲಸವೇ. ಮರದ ಗೂಟ ಎರಡು ಸಾಲು ಬಡಿದು, ನಡುವೆ ಮಣ್ಣಿನ ಚೀಲ ತುಂಬಿ ಕಾಲುವೆಗೆ ಅಡ್ಡಗಟ್ಟುತ್ತಾರೆ. ನೀರು ನಿಂತು, ಪಕ್ಕದ ಗಂಬುತ್ತಿಗೆ ಮೆಲ್ಲಗೆ ಒಸರುತ್ತದೆ. ಮೊದಮೊದಲು ಕಟ್ಟಿದ ಒಡ್ಡುಗಳನ್ನು ಕೆಲವು ಕಡೆ ಹಳ್ಳಿಯವರೇ ಕಿತ್ತರು. ಏಕೆಂದರೆ ಆ ಕಾಲುವೆಯೇ ಅವರಿಗೆ ರಸ್ತೆ. ಮೀನಿಗೆ, ರಬ್ಬರ್ ತೋಟಕ್ಕೆ, ಕಾಡಿಗೆ ಅದೇ ದಾರಿಯಲ್ಲಿ ದೋಣಿ ಹೋಗಬೇಕು. ಆಮೇಲೆ ಊರವರ ಜೊತೆ ಕೂತು ಮಾತಾಡಿ, ಒಡ್ಡಿನ ನಡುವೆ ಸಣ್ಣ ದೋಣಿ ಜಾರಿಹೋಗುವಷ್ಟು ಕಂಡಿ ಬಿಟ್ಟು ಕಟ್ಟುವುದನ್ನು ಕಲಿತರು. ನೀರು ಒಂದು ಮಟ್ಟಕ್ಕಿಂತ ಇಳಿಯದು, ದೋಣಿಯೂ ನಿಲ್ಲದು. ಅಂಥ ಒಡ್ಡು ಕಾಯುವುದಕ್ಕೆ ಆ ಊರಿನವರೇ ಬೇಕು. ಗೂಟ ಕೊಳೆಯುತ್ತದೆ, ಚೀಲ ಹರಿಯುತ್ತದೆ, ಬೇಸಿಗೆ ಬರುವ ಮುಂಚೆ ಪ್ರತಿ ವರ್ಷ ಹೋಗಿ ನೋಡಬೇಕು.